ಆಶ್ರಯಾರ್ಥಿಯ ದೀಕ್ಷಾಸ್ನಾನ ಮತ್ತು ಸಭಾಪಾಲಕರ ಸಾಕ್ಷ್ಯ

2024ರ ಜನವರಿ 31ರ ಸಂಜೆ ದಕ್ಷಿಣ ಲಂಡನ್ನಿನ ಕ್ಲಾಪಮ್ ಎಂಬಲ್ಲಿ ಒಬ್ಬ ತಾಯಿಯ ಮತ್ತು ಆಕೆಯ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಮೇಲೆ ಸುಡುವ ಕ್ಷಾರದ್ರವವನ್ನು ಎರಚಲಾಯಿತು. ಈ ಕೃತ್ಯವನ್ನು ಎಸಗಿದವನ ಶವ ಕೆಲವು ವಾರಗಳ ನಂತರ ಥೇಮ್ಸ್ ನದಿಯಲ್ಲಿ ದೊರೆಯಿತು. ಅವನು 2016ರಲ್ಲಿ ಬ್ರಿಟನ್ನಿಗೆ ಬಂದ ಆಫ್ಘಾನ್ ಪ್ರಜೆ. ಆಶ್ರಯ ಕೋರಿ ಅವನು ಸಲ್ಲಿಸಿದ್ದ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. 2018ರಲ್ಲಿ ಲೈಂಗಿಕ ಅಪರಾಧಕ್ಕಾಗಿ ಅವನಿಗೆ ಶಿಕ್ಷೆಯಾಗಿ, ಆ ಶಿಕ್ಷೆಯನ್ನು ನ್ಯಾಯಾಲಯ ಅಮಾನತಿನಲ್ಲಿಟ್ಟಿತ್ತು. 2020ರಲ್ಲಿ, ತಾನು ಕ್ರೈಸ್ತನಾಗಿದ್ದೇನೆ, ಸ್ವದೇಶಕ್ಕೆ ಮರಳಿದರೆ ಪ್ರಾಣಾಪಾಯವಿದೆ ಎಂಬ ಅವನ ವಾದವನ್ನು ನ್ಯಾಯಮಂಡಳಿ ಒಪ್ಪಿತು. ಹಾಗೆ ಒಪ್ಪಿದ್ದಕ್ಕೆ ಇದ್ದ ಮುಖ್ಯ ಆಧಾರಗಳಲ್ಲಿ ಒಂದು, ಒಬ್ಬ ಬ್ಯಾಪ್ಟಿಸ್ಟ್ ಸಭಾಪಾಲಕರ ಸಾಕ್ಷ್ಯ.

ಮುಂದಿನ ದಿನಗಳಲ್ಲಿ ಬ್ರಿಟನ್ನಿನ ಸಭೆಗಳು ಆರೋಪಿಗಳ ಸ್ಥಾನದಲ್ಲಿ ನಿಂತವು. ಸಭೆಗಳು ಸುಳ್ಳು ಅರ್ಜಿಗಳಿಗೆ ನೆರವಾಗುತ್ತಿವೆಯೆಂದು ಹಿಂದಿನ ಗೃಹಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಆರೋಪಿಸಿದರು. ಮಾರ್ಚ್ ತಿಂಗಳಲ್ಲಿ ಸಂಸತ್ತಿನ ಗೃಹವ್ಯವಹಾರಗಳ ಸಮಿತಿಯು ಸಭೆಗಳ ನಾಯಕರನ್ನು ಕರೆಸಿ ಪ್ರಶ್ನಿಸಿತು. ಅಲ್ಲಿ ಉತ್ತರಿಸಿದವರಲ್ಲಿ ಚೆಲ್ಮ್ಸ್‌ಫರ್ಡ್‌ನ ಬಿಷಪ್ ಗುಲಿ ಫ್ರಾನ್ಸಿಸ್-ದೆಹ್ಕಾನಿಯವರೂ ಒಬ್ಬರು. ಅವರು ಇಸ್ಫಹಾನ್‌ನಲ್ಲಿ ಹುಟ್ಟಿದವರು. ಇರಾನಿನಲ್ಲಿ ಆಂಗ್ಲಿಕನ್ ಬಿಷಪ್ಪರಾಗಿದ್ದ ಹಸನ್ ದೆಹ್ಕಾನಿ-ತಫ್ತಿಯವರು ಅವರ ತಂದೆ. 1980ರಲ್ಲಿ ಅಣ್ಣನ ಕೊಲೆಯಾದ ಮೇಲೆ ಆ ಕುಟುಂಬ ಇಂಗ್ಲೆಂಡಿನಲ್ಲಿ ಆಶ್ರಯ ಪಡೆಯಿತು. ಕ್ರೈಸ್ತನಂಬಿಕೆಯ ಕಾರಣ ದೇಶ ಬಿಡುವುದೆಂದರೆ ಏನೆಂಬುದನ್ನು ಆ ಕೋಣೆಯಲ್ಲಿ ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಈ ವಿವಾದದಲ್ಲಿ ಎರಡು ಬಗೆಯ ಸುಲಭ ಉತ್ತರಗಳು ಕೇಳಿಬಂದವು. ಸಭೆ ಮೋಸಹೋಗಿದೆ, ಆದ್ದರಿಂದ ಅದರ ಸಾಕ್ಷ್ಯಕ್ಕೆ ಬೆಲೆಯಿಲ್ಲ ಎಂಬುದು ಒಂದು. ಹೃದಯವನ್ನು ಬಲ್ಲವನು ದೇವರೊಬ್ಬನೇ, ದೀಕ್ಷಾಸ್ನಾನ ಕೇಳಿದವನಿಗೆ ಕೊಟ್ಟೆವು, ಮಿಕ್ಕದ್ದು ಸರ್ಕಾರದ ಕೆಲಸ ಎಂಬುದು ಇನ್ನೊಂದು. ಈ ಎರಡನೆಯ ಉತ್ತರ ದೈವಜ್ಞಾನದ ಮಾತಿನಂತೆ ಕೇಳಿಸುವುದರಿಂದ ಅದನ್ನೇ ಹೆಚ್ಚು ಎಚ್ಚರಿಕೆಯಿಂದ ನೋಡಬೇಕೆಂದು ನಾವು ಭಾವಿಸುತ್ತೇವೆ. ಹೃದಯವನ್ನು ದೇವರೊಬ್ಬನೇ ಬಲ್ಲನೆಂದು ನಂಬುವ ಸಭಾಪಾಲಕರು ನ್ಯಾಯಮಂಡಳಿಯ ಮುಂದೆ ನಿಂತು, ಇವನ ನಂಬಿಕೆ ನಿಜವಾದದ್ದು ಎಂದು ಹೇಳುವುದಾದರೂ ಹೇಗೆ? ಹಾಗಾದರೆ ಅವರು ಅಲ್ಲಿ ಏನನ್ನು ಹೇಳಬಹುದು?

ಮೊದಲು ಕಾನೂನು ಕೇಳುವ ಪ್ರಶ್ನೆಯೇನೆಂಬುದನ್ನು ತಿಳಿಯಬೇಕು. 1951ರ ನಿರಾಶ್ರಿತರ ಒಡಂಬಡಿಕೆಯ ಪ್ರಕಾರ, ಜನಾಂಗ, ಮತ, ರಾಷ್ಟ್ರೀಯತೆ, ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ, ರಾಜಕೀಯ ಅಭಿಪ್ರಾಯ ಇವುಗಳ ಕಾರಣ ಹಿಂಸೆಗೊಳಗಾಗುವ ಸಕಾರಣ ಭಯವುಳ್ಳವನು ನಿರಾಶ್ರಿತ. ಪ್ರಶ್ನೆ ಮುಂದೆ ಆಗಬಹುದಾದದ್ದರ ಕುರಿತಾದದ್ದು: ಈ ವ್ಯಕ್ತಿಯನ್ನು ಹಿಂದಿರುಗಿಸಿದರೆ ಅವನಿಗೆ ಏನಾದೀತು? ಇರಾನಿನ ಮಟ್ಟಿಗೆ ಇದು ಕಲ್ಪನೆಯ ಭಯವಲ್ಲ. ಇಸ್ಲಾಮನ್ನು ಬಿಟ್ಟ ಆರೋಪದ ಮೇಲೆ ಪಾಸ್ಟರ್ ಹೊಸೇನ್ ಸೂದ್‌ಮಂದ್ ಅವರನ್ನು 1990ರಲ್ಲಿ ಗಲ್ಲಿಗೇರಿಸಲಾಯಿತು. ಮೆಹ್ದಿ ದಿಬಾಜ್ ಅವರಿಗೆ ಮರಣದಂಡನೆ ವಿಧಿಸಿ, 1994ರಲ್ಲಿ ಬಿಡುಗಡೆ ಮಾಡಿದ ಕೆಲವೇ ತಿಂಗಳಲ್ಲಿ ಅವರ ಕೊಲೆಯಾಯಿತು. ಹೊರದೇಶದಲ್ಲಿದ್ದಾಗ ಕ್ರಿಸ್ತನನ್ನು ಅಂಗೀಕರಿಸಿದವರು ಊರಿಗೆ ಮರಳಿದ ಮೇಲೂ ಕ್ರೈಸ್ತರಾಗಿಯೇ ಬಾಳುವರೋ, ಅಥವಾ ವಿಮಾನ ಇಳಿಯುವಾಗಲೇ ಅದನ್ನು ಕಳಚಿಡುವರೋ ಎಂಬುದರ ಮೇಲೆ ಅಪಾಯದ ಅಳತೆ ನಿಂತಿರುತ್ತದೆ. ಈ ಕಾರಣದಿಂದಲೇ ನಂಬಿಕೆಯ ಪ್ರಾಮಾಣಿಕತೆ ಅಧಿಕಾರಿಯ ಮೇಜಿನ ಮೇಲೆ ಬಂದು ಬೀಳುತ್ತದೆ.

ಅಧಿಕಾರಿಗಳು ಅದನ್ನು ಅಳೆದ ಬಗೆ ಬಹುಕಾಲ ನಗೆಪಾಟಲಿನದಾಗಿತ್ತು. ಹನ್ನೆರಡು ಮಂದಿ ಅಪೊಸ್ತಲರ ಹೆಸರು, ಹತ್ತು ಆಜ್ಞೆಗಳ ಕ್ರಮ, ಹಬ್ಬಗಳ ದಿನಾಂಕ, ಹೀಗೆ ಭಾನುವಾರ ಶಾಲೆಯ ಪರೀಕ್ಷೆಯಂಥ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತೆಂದು ಬ್ರಿಟಿಷ್ ಸಂಸತ್ ಸದಸ್ಯರ ಸರ್ವಪಕ್ಷ ಗುಂಪೊಂದು 2016ರಲ್ಲಿ ಟೀಕಿಸಿತು. ಬಾಯಿಪಾಠ ಮಾಡಿದ ಕಪಟಿ ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆ. ಅಕ್ಷರ ಬಾರದ ಭಕ್ತ ಸೋಲುತ್ತಾನೆ. (ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಹನ್ನೆರಡು ಹೆಸರುಗಳನ್ನು ತಡವರಿಸದೆ ಹೇಳಿಯಾರು ಎಂದು ಕೇಳುವ ಮನಸ್ಸಾಗುತ್ತದೆ, ಕೇಳುವುದಿಲ್ಲ.) 2019ರಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಕ್ರೈಸ್ತಧರ್ಮ ಶಾಂತಿಯ ಧರ್ಮವೆಂದು ಹೇಳಿದ ಇರಾನಿನ ಅರ್ಜಿದಾರನೊಬ್ಬನಿಗೆ ಗೃಹ ಇಲಾಖೆಯ ಅಧಿಕಾರಿಯು ವಿಮೋಚನಕಾಂಡದಿಂದಲೂ ಪ್ರಕಟನೆ ಗ್ರಂಥದಿಂದಲೂ ವಚನಗಳನ್ನು ಆಯ್ದು, ಅದು ಶಾಂತಿಯ ಧರ್ಮವಲ್ಲವೆಂದು ವಾದಿಸಿ ಅರ್ಜಿಯನ್ನು ತಿರಸ್ಕರಿಸಿದರು. ವಿಷಯ ಬಯಲಾದಾಗ ಇಲಾಖೆ ಆ ತೀರ್ಮಾನವನ್ನು ಹಿಂತೆಗೆದುಕೊಂಡಿತು.

ನ್ಯಾಯಮಂಡಳಿಗಳು ಇದಕ್ಕಿಂತ ಮೇಲಾದ ದಾರಿಯನ್ನು ಹುಡುಕಿದವು. 2001ರ ಡೊರೋಡಿಯನ್ ಪ್ರಕರಣದ ತೀರ್ಪು ಸಭಾಪಾಲಕರ ಸಾಕ್ಷ್ಯಕ್ಕೆ ಶಿಸ್ತು ತಂದಿತು: ಹೇಳಿಕೆ ಮೊದಲೇ ಲಿಖಿತವಾಗಿರಬೇಕು, ಅದರಲ್ಲಿ ವಿವರಗಳಿರಬೇಕು, ಬರೆದವರು ಖುದ್ದಾಗಿ ಬಂದು ಪ್ರಶ್ನೆಗಳಿಗೆ ಉತ್ತರಿಸಬೇಕು. 2020ರಲ್ಲಿ ಮೇಲಿನ ನ್ಯಾಯಮಂಡಳಿಯು ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು. ಸಭೆಯ ಸಾಕ್ಷಿಗಳ ಮಾತು ಮಹತ್ವದ್ದಾಗಬಹುದು, ಆದರೆ ಅದು ತಜ್ಞರ ಸಾಕ್ಷ್ಯವಲ್ಲ. ಅದರ ತೂಕವನ್ನು ನಿರ್ಧರಿಸುವವರು ನ್ಯಾಯಾಧೀಶರು. ಅದೇ ವರ್ಷ ಜರ್ಮನಿಯ ಸಂವಿಧಾನ ನ್ಯಾಯಾಲಯವು ಒಂದು ಗೆರೆಯನ್ನೆಳೆಯಿತು. ಸಭೆ ಕೊಟ್ಟ ದೀಕ್ಷಾಸ್ನಾನ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಅಧಿಕಾರ ರಾಜ್ಯಕ್ಕಿಲ್ಲ. ಆದರೆ ಆ ನಂಬಿಕೆಯು ವ್ಯಕ್ತಿಯ ಬಾಳಿನಲ್ಲಿ ಎಷ್ಟು ಆಳವಾಗಿ ಬೇರೂರಿದೆ, ಊರಿಗೆ ಮರಳಿದರೆ ಅವನು ಅದನ್ನು ಆಚರಿಸದೆ ಇರಲಾರನೇ ಎಂಬುದನ್ನು ನ್ಯಾಯಾಲಯ ತಾನೇ ಪರಿಶೀಲಿಸಬಹುದು. ಈ ಗೆರೆ ಸಭೆಗೆ ಅವಮಾನವೆಂದು ಕೆಲವರು ತಿಳಿದರು. ನಮಗೆ ಹಾಗೆ ತೋರುವುದಿಲ್ಲ. ಸಂಸ್ಕಾರ ಸಭೆಯದು, ಅಪಾಯದ ಅಳತೆ ರಾಜ್ಯದ್ದು. ಇವು ಕಲಸಿಹೋದರೆ ದೀಕ್ಷಾಸ್ನಾನದ ಪತ್ರವು ವೀಸಾ ಆಗಿಬಿಡುತ್ತದೆ.

ಇನ್ನು ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ. ಕ್ಲಾಪಮ್‌ನ ಚರ್ಚೆಯಲ್ಲಿ ಹೆಚ್ಚು ಗೊಂದಲವಾದದ್ದು ಇಲ್ಲಿಯೇ. ಒಬ್ಬನ ನಂಬಿಕೆ ನಿಜವಾಗಿದ್ದರೂ ಅವನು ಅಪಾಯಕಾರಿಯಾಗಿರಬಹುದು, ಸುಳ್ಳಾಗಿದ್ದರೂ ನಿರುಪದ್ರವಿಯಾಗಿರಬಹುದು. ಒಡಂಬಡಿಕೆಯು ಈ ಎರಡನೆಯ ಪ್ರಶ್ನೆಗೆ ಬೇರೆಯೇ ಬಾಗಿಲನ್ನಿಟ್ಟಿದೆ. ವಿಶೇಷವಾಗಿ ಘೋರವಾದ ಅಪರಾಧಕ್ಕೆ ಶಿಕ್ಷೆಹೊಂದಿ ಸಮುದಾಯಕ್ಕೆ ಅಪಾಯವಾಗಿರುವವನಿಗೆ, ಹಿಂದಿರುಗಿಸಬಾರದೆಂಬ ರಕ್ಷಣೆ ದೊರೆಯದೆಂದು ಅದರ 33ನೆಯ ವಿಧಿ ಹೇಳುತ್ತದೆ. ಘೋರವೆಂದರೆ ಎಷ್ಟು ಎಂಬುದನ್ನು ಬ್ರಿಟನ್ 2002ರ ಕಾಯಿದೆಯಲ್ಲಿ ಕನಿಷ್ಠ 2 ವರ್ಷಗಳ ಸೆರೆವಾಸವೆಂದು ಗೊತ್ತುಮಾಡಿತ್ತು. 2022ರಲ್ಲಿ ಅದನ್ನು 12 ತಿಂಗಳಿಗೆ ಇಳಿಸಿತು. ಅಮಾನತಿನಲ್ಲಿಟ್ಟ ಶಿಕ್ಷೆ ಆ ಗಡಿಯನ್ನು ಮುಟ್ಟಲಿಲ್ಲ. ಮುಟ್ಟಿದ್ದರೂ, ಚಿತ್ರಹಿಂಸೆ ಕಾದಿರುವ ದೇಶಕ್ಕೆ ಯಾರನ್ನೂ ಕಳುಹಿಸಬಾರದೆಂಬ ಯುರೋಪಿನ ಮಾನವಹಕ್ಕುಗಳ ನಿಯಮ ಎಂಥ ಅಪರಾಧಿಗೂ ಅನ್ವಯಿಸುತ್ತದೆ. ಹೀಗಿರುವಾಗ ಆ ಮನುಷ್ಯನ ಮೇಲೆ ಯಾರು ಕಣ್ಣಿಡಬೇಕಾಗಿತ್ತು ಎಂಬ ಪ್ರಶ್ನೆಯನ್ನು ದೀಕ್ಷಾಸ್ನಾನದ ಕಡೆಗೆ ತಿರುಗಿಸಿದ್ದು ಅನೇಕರಿಗೆ ಅನುಕೂಲವಾಯಿತು.

ಇದರ ಪಕ್ಕದಲ್ಲಿ ಲಿವರ್‌ಪೂಲಿನ ಘಟನೆಯನ್ನಿಟ್ಟು ನೋಡಬೇಕು. 2021ರ ನವೆಂಬರ್ 14ರಂದು ಅಲ್ಲಿಯ ಮಹಿಳಾ ಆಸ್ಪತ್ರೆಯ ಬಾಗಿಲಲ್ಲಿ ಟ್ಯಾಕ್ಸಿಯೊಳಗೆ ಬಾಂಬ್ ಸ್ಫೋಟಿಸಿ ಸತ್ತವನು ಕೂಡ ದೀಕ್ಷಾಸ್ನಾನ ಹೊಂದಿದವನೇ. 2017ರಲ್ಲಿ ಅವನಿಗೆ ದೃಢೀಕರಣವೂ ಆಗಿತ್ತು. ಆದರೆ ಅವನಿಗೆ ಆಶ್ರಯ ದೊರೆತಿರಲಿಲ್ಲ. ಸರ್ಕಾರ ಅವನನ್ನು ನಂಬಿರಲಿಲ್ಲ, ಕಳುಹಿಸಿಯೂ ಇರಲಿಲ್ಲ. ವರ್ಷಗಳು ಹಾಗೆಯೇ ಕಳೆದಿದ್ದವು. ಒಂದು ಪ್ರಕರಣದಲ್ಲಿ ಸಭೆಯ ಮಾತಿಗೆ ಬೆಲೆ ಬಂತು, ಇನ್ನೊಂದರಲ್ಲಿ ಸಂಸ್ಕಾರದಿಂದ ಅವನಿಗೆ ಯಾವ ಲಾಭವೂ ಆಗಲಿಲ್ಲ. ಎರಡರಲ್ಲಿಯೂ ಹಾನಿ ಸಂಭವಿಸಿತು.

ಸತ್ಯವೇದದಲ್ಲಿ ಆಶ್ರಯದ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಪರದೇಶಿಯನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಎತ್ತಿಕೊಂಡು ಅಲ್ಲಿಗೇ ನಿಲ್ಲುತ್ತೇವೆ. ಆಶ್ರಯನಗರಗಳ ವ್ಯವಸ್ಥೆಯನ್ನು ಓದುವವರು ಕಡಿಮೆ. ಅರಣ್ಯಕಾಂಡದ 35ನೆಯ ಅಧ್ಯಾಯ ಮತ್ತು ಯೆಹೋಶುವನ ಗ್ರಂಥದ 20ನೆಯ ಅಧ್ಯಾಯಗಳಲ್ಲಿರುವುದು ಒಂದು ವಿಚಾರಣಾ ಕ್ರಮ. ಓಡಿಬಂದವನು ಊರಬಾಗಿಲಲ್ಲಿ ನಿಂತು ಹಿರಿಯರಿಗೆ ತನ್ನ ಸಂಗತಿಯನ್ನು ತಿಳಿಸುತ್ತಾನೆ. ಹಿರಿಯರು ಅವನನ್ನು ಒಳಗೆ ಕರೆದುಕೊಂಡು ಇರಲು ಸ್ಥಳ ಕೊಡುತ್ತಾರೆ. ವಿಚಾರಣೆ ಅನಂತರ, ಸಮೂಹದ ಮುಂದೆ. ಒಳಗೆ ಸೇರಿಸಿಕೊಳ್ಳುವುದಕ್ಕೆ ಮೊದಲು ನಿರಪರಾಧವನ್ನು ಸಾಬೀತುಪಡಿಸಬೇಕೆಂಬ ಷರತ್ತಿಲ್ಲ. ಒಳಗೆ ಬಂದಮೇಲೆ ವಿಚಾರಣೆಯಿಂದ ವಿನಾಯಿತಿಯೂ ಇಲ್ಲ. ಬೇಕೆಂದೇ ಕೊಂದವನನ್ನು ಆ ನಗರ ಕಾಪಾಡುವುದಿಲ್ಲ. ಈ ನಗರಗಳು ಇಸ್ರಾಯೇಲ್ಯರಿಗೆ ಮಾತ್ರವಲ್ಲದೆ ಪರದೇಶದವರಿಗೂ ತೆರೆದಿದ್ದವು. ಒಬ್ಬನೇ ಸಾಕ್ಷಿಯ ಮಾತಿನ ಮೇಲೆ ಯಾರಿಗೂ ಮರಣಶಿಕ್ಷೆಯಾಗಬಾರದೆಂಬ ವಿಧಿಯೂ ಅದೇ ಅಧ್ಯಾಯದಲ್ಲಿದೆ. ಕರುಣೆಯೂ ಸುರಕ್ಷತೆಯೂ ಇಲ್ಲಿ ಒಂದೇ ಬಾಗಿಲಲ್ಲಿ, ಆದರೆ ಬೇರೆ ಬೇರೆ ಹೊತ್ತಿನಲ್ಲಿ ಕೆಲಸ ಮಾಡುತ್ತವೆ.

ಬೆರೆತ ಉದ್ದೇಶಗಳಿಂದ ದೀಕ್ಷಾಸ್ನಾನ ಕೇಳುವವರೂ ಸಭೆಗೆ ಹೊಸಬರಲ್ಲ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದ ಸಮಾರ್ಯದ ಸೀಮೋನನಿಗೆ ಫಿಲಿಪ್ಪನೇ ದೀಕ್ಷಾಸ್ನಾನ ಮಾಡಿಸಿದನು. ಅವನ ಹೃದಯ ನೆಟ್ಟಗಿಲ್ಲವೆಂಬುದು ಪೇತ್ರನಿಗೆ ತಿಳಿದದ್ದು ಅನಂತರ, ಅವನು ಹಣ ತಂದು ಮುಂದಿಟ್ಟಾಗ. ಲೂಕನು ಇದಕ್ಕಾಗಿ ಫಿಲಿಪ್ಪನನ್ನು ದೂರುವುದಿಲ್ಲ. ಹೊಸಬರಿಗೆ ಉಪದೇಶಿಸುವುದರ ಕುರಿತು ಬರೆದ ಪುಸ್ತಕದಲ್ಲಿ ಅಗಸ್ಟೀನನು, ಲೋಕದ ಲಾಭಕ್ಕಾಗಿ ಬಂದವನ ವಿಚಾರವನ್ನೂ ಎತ್ತುತ್ತಾನೆ. ಅಂಥವನನ್ನು ಹೊರಗಟ್ಟುವ ಬದಲು ಅವನು ಹೇಳಿಕೊಂಡ ಕಾರಣದಿಂದಲೇ ಉಪದೇಶವನ್ನು ಆರಂಭಿಸಬಹುದೆಂಬುದು ಅವನ ಸಲಹೆ. ನಮಗೆ ಇಂದು ಹೆಚ್ಚು ಉಪಯುಕ್ತವಾದದ್ದು ಹಿಪ್ಪೊಲಿತನದೆಂದು ಹೇಳಲಾಗುವ ‘ಅಪೊಸ್ತಲಿಕ ಸಂಪ್ರದಾಯ’. ಅದರಲ್ಲಿ ಮೂರು ವರ್ಷಗಳ ಉಪದೇಶಕಾಲವಿದೆ. ದೀಕ್ಷಾಸ್ನಾನಕ್ಕೆ ಮೊದಲು, ಕರೆತಂದವರನ್ನು ಸಾಕ್ಷಿಗಳಾಗಿ ನಿಲ್ಲಿಸಿ ಕೇಳುವ ಪ್ರಶ್ನೆಗಳು ನಡತೆಯವು: ಇವರು ವಿಧವೆಯರನ್ನು ಗೌರವಿಸಿದರೇ? ರೋಗಿಗಳನ್ನು ನೋಡಲು ಹೋದರೇ? ಹೃದಯದ ಬಗ್ಗೆ ಸಾಕ್ಷಿಗಳನ್ನು ಯಾರೂ ಕೇಳುವುದಿಲ್ಲ. ಅವರು ಕಂಡದ್ದನ್ನು ಕೇಳುತ್ತಾರೆ.

ಸಭಾಪಾಲಕರು ಹೇಳಬಹುದಾದದ್ದು ಇದೇ, ಇಷ್ಟೇ. ಈ ವ್ಯಕ್ತಿ ಇಂಥ ತಿಂಗಳಿಂದ ಆರಾಧನೆಗೆ ಬರುತ್ತಿದ್ದಾನೆ; ಇಷ್ಟು ಪಾಠಗಳಿಗೆ ಬಂದನು, ಇಷ್ಟಕ್ಕೆ ಬರಲಿಲ್ಲ; ಆರಾಧನೆಯ ನಂತರ ಕುರ್ಚಿಗಳನ್ನು ಎತ್ತಿಡುತ್ತಾನೆ; ಅರ್ಜಿ ತಿರಸ್ಕೃತವಾದ ವಾರವೂ ಬಂದನು; ಅವನ ಹಿಂದಿನ ಶಿಕ್ಷೆಯ ವಿಷಯ ನಮಗೆ ತಿಳಿದಿತ್ತು, ಅಥವಾ ತಿಳಿದಿರಲಿಲ್ಲ. ಈ ಕೊನೆಯ ವಾಕ್ಯವನ್ನು ಬಿಟ್ಟ ಪತ್ರ ಅರ್ಧಸತ್ಯದ ಪತ್ರ. ‘ಇವನು ನಿಜವಾದ ಕ್ರೈಸ್ತನೆಂದು ದೃಢೀಕರಿಸುತ್ತೇನೆ’ ಎಂಬ ವಾಕ್ಯವನ್ನು ಬರೆಯಬಾರದು. ಅದು ಧೈರ್ಯದ ಮಾತಿನಂತೆ ಕಂಡರೂ ನಮಗಿಲ್ಲದ ಅಧಿಕಾರದ ಮಾತು. ಒಂದು ಪ್ರಕರಣದಲ್ಲಿ ಅದು ಸುಳ್ಳಾದರೆ, ಮುಂದಿನ ನೂರು ಅರ್ಜಿಗಳಲ್ಲಿ ನಿಜ ಹೇಳುವವರ ಸಾಕ್ಷಿಗಳೂ ಅನುಮಾನಕ್ಕೊಳಗಾಗುತ್ತಾರೆ.

ಇದು ದೂರದ ಊರಿನ ಕಥೆಯೆಂದು ಕರ್ನಾಟಕದಲ್ಲಿರುವ ನಾವು ಬಿಡುವಂತಿಲ್ಲ. ಭಾರತವು 1951ರ ಒಡಂಬಡಿಕೆಗೆ ಸಹಿ ಹಾಕಿಲ್ಲ. ಬೈಲಕುಪ್ಪೆಯ ಟಿಬೆಟಿಯನ್ನರು ನಮ್ಮ ನಡುವೆ ಬಾಳುತ್ತಿರುವುದು ಸರ್ಕಾರದ ನೀತಿಯಿಂದ, ಆಶ್ರಯದ ಕಾಯಿದೆಯಿಂದಲ್ಲ. ಆದರೆ ದೀಕ್ಷಾಸ್ನಾನದ ಹಿಂದಿನ ಉದ್ದೇಶವನ್ನು ರಾಜ್ಯ ವಿಚಾರಿಸುವ ರೂಢಿ ಇಲ್ಲಿಯೂ ಉಂಟು. 2022ರ ಕರ್ನಾಟಕ ಕಾಯಿದೆಯು ಮತಾಂತರದ ವಿಧಿ ನಡೆಸುವವರು ಮುಂಚಿತವಾಗಿ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ವಿಧಿಸಿತು. 1950ರ ಪರಿಶಿಷ್ಟ ಜಾತಿಗಳ ಆದೇಶದಿಂದಾಗಿ ಕ್ರೈಸ್ತನಾದ ದಲಿತನು ಮೀಸಲಾತಿಯನ್ನು ಕಳೆದುಕೊಳ್ಳುತ್ತಾನೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಾನು ಹಿಂದೂ ಎಂದು ವಾದಿಸಿದ ಮಹಿಳೆಯ ದೀಕ್ಷಾಸ್ನಾನದ ದಾಖಲೆಯನ್ನೂ ಆರಾಧನೆಗೆ ಹೋಗುವ ರೂಢಿಯನ್ನೂ ನೋಡಿ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಅಲ್ಲಿ ದೀಕ್ಷಾಸ್ನಾನದಿಂದ ಲಾಭವಾಗುತ್ತದೆಂಬ ಅನುಮಾನ, ಇಲ್ಲಿ ಅದರಿಂದ ಆಗುವ ನಷ್ಟವನ್ನು ಮರೆಮಾಡುತ್ತಾರೆಂಬ ಅನುಮಾನ. ಎರಡೂ ಕಡೆ ಸಭೆಯ ದಾಖಲೆಪುಸ್ತಕವೇ ಸಾಕ್ಷಿ. ಅದರಲ್ಲಿ ನಾವು ಏನು ಬರೆಯುತ್ತೇವೆ, ಬರೆದದ್ದಕ್ಕೆ ಹೇಗೆ ಉತ್ತರಿಸುತ್ತೇವೆ ಎಂಬುದನ್ನು ಸೆಮಿನರಿಯ ತರಗತಿಯಲ್ಲಿ ಕಲಿಸುವವರು ಕಡಿಮೆ.

ಒಂದು ಪ್ರಶ್ನೆ ಉಳಿಯುತ್ತದೆ. ಸಭಾಪಾಲಕರು ಸಾಕ್ಷ್ಯ ಹೇಳಿದರು, ಆಶ್ರಯ ದೊರೆಯಿತು, ಮರುತಿಂಗಳಿಂದ ಆ ಮನುಷ್ಯ ಆರಾಧನೆಗೆ ಬರಲಿಲ್ಲ. ಅದನ್ನು ಗೃಹ ಇಲಾಖೆಗೆ ತಿಳಿಸಬೇಕೇ? ನಮ್ಮ ಅಭಿಪ್ರಾಯದಲ್ಲಿ ಅದು ಇಲಾಖೆಗೆ ತಿಳಿಸುವ ವಿಷಯವಲ್ಲ. ಸಭೆಗೆ ಬಾರದವರೆಲ್ಲರ ಪಟ್ಟಿ ಕಳುಹಿಸುವುದಾದರೆ ಅದು ನಮ್ಮ ಹಿರಿಯರಿಂದಲೇ ಶುರುವಾಗಬೇಕಾದೀತು. ಆದರೆ ಅವನಿಂದ ಹೆಂಗಸಿಗೋ ಮಗುವಿಗೋ ಅಪಾಯವಿದೆಯೆಂದು ತಿಳಿದ ದಿನ ಪೊಲೀಸರಿಗೆ ಹೇಳಲೇಬೇಕು. ಅದಕ್ಕೆ ಅವನು ಆಶ್ರಯಾರ್ಥಿ ಎಂಬುದು ಕಾರಣವಲ್ಲ. ಸಭೆಯ ಯಾವ ಸದಸ್ಯನ ವಿಷಯದಲ್ಲಿಯಾದರೂ ನಾವು ಮಾಡಬೇಕಾದದ್ದು ಅದನ್ನೇ. ಅವನು ಬಾರದ ಮೊದಲ ಭಾನುವಾರದ ಸಂಜೆ ಮಾತ್ರ ಅವನ ಮನೆಗೆ ಯಾರಾದರೂ ಹೋಗಿ ಬಾಗಿಲು ತಟ್ಟಬೇಕು.