ದುಬಾರಿ ಸಿಗಾರ್ ಕಟರ್, ಲೈಟರ್ ಬಳಸಿದರೆ ಹೊಗೆ ‘ಶುದ್ಧ’ವಾಗುತ್ತದೆಯೇ?

“ಬೆಂಕಿಕಡ್ಡಿಯಲ್ಲಿ ಸಿಗಾರ್ ಹಚ್ಚಿದರೆ ರಾಸಾಯನಿಕವೆಲ್ಲ ಒಳಗೆ ಹೋಗುತ್ತದೆ.” “ಅಗ್ಗದ ಕಟರ್ ಬಳಸಿದರೆ ಸಿಗಾರ್ ಹಾಳಾದಂತೆಯೇ.” “ಜೆಟ್ ಲೈಟರ್‌ನ ಹೊಗೆ ಶುದ್ಧ, ಹಾನಿಯೂ ಕಡಿಮೆ.” ಇಂಥ ಮಾತುಗಳಿರುವ ರೀಲ್ಸ್ ಅಥವಾ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೊನೆಯಲ್ಲಿ ಚೆಂದದ ಪೆಟ್ಟಿಗೆಯಲ್ಲಿಟ್ಟ ಕಟರ್ ಮತ್ತು ಲೈಟರ್ ಸೆಟ್‌ನ ಲಿಂಕ್ ಕೂಡ ಇರುತ್ತದೆ. ಮದುವೆಯಾಗುವ ಗೆಳೆಯನಿಗೋ, ನಿವೃತ್ತರಾಗುವ ಬಾಸ್‌ಗೋ ಉಡುಗೊರೆ ಹುಡುಕುತ್ತಿರುವವರು ಅದನ್ನು ಒತ್ತಿಬಿಡುತ್ತಾರೆ.

ಈ ಸೆಟ್‌ಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಶುರುವಾಗಿ ಹತ್ತಾರು ಸಾವಿರದವರೆಗೂ ಹೋಗುತ್ತದೆ. ಹಾಗಾದರೆ ಹೆಚ್ಚು ಕೊಟ್ಟ ದುಡ್ಡಿಗೆ ನಿಜವಾಗಿ ಸಿಗುವುದೇನು? ಒಂದೊಂದಾಗಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಕಟರ್‌ನ ಬ್ಲೇಡ್ ಹರಿತವಾಗಿರಬೇಕು ಎನ್ನುವುದು ನಿಜ. ಅದಕ್ಕೆ ಸಾವಿರಾರು ರೂಪಾಯಿ ಬೇಕು ಎನ್ನುವುದು ಸುಳ್ಳು.
- ಹೊಗೆಗೆ ವಾಸನೆ ಸೇರುವುದು ಇಂಧನದಿಂದ, ಲೈಟರ್‌ನ ಬೆಲೆಯಿಂದಲ್ಲ.
- ಯಾವ ಕಟರ್, ಯಾವ ಲೈಟರ್ ಕೂಡ ಸಿಗಾರ್‌ನ ಹಾನಿಯನ್ನು ಕಡಿಮೆ ಮಾಡುವುದಿಲ್ಲ.

ಸಿಗಾರ್‌ಗೆ ಕಟರ್ ಏಕೆ ಬೇಕು?

ಸಿಗರೇಟಿನ ಎರಡೂ ತುದಿಗಳಲ್ಲಿ ಗಾಳಿಯಾಡುತ್ತದೆ. ಕೈಯಲ್ಲಿ ಸುತ್ತಿದ ಸಿಗಾರ್ ಹಾಗಲ್ಲ. ಒಳಗೆ ತಂಬಾಕಿನ ಎಲೆಗಳು, ಅವನ್ನು ಬಿಗಿಯಾಗಿ ಹಿಡಿದಿಡಲು ಇನ್ನೊಂದು ಎಲೆ, ಅದರ ಮೇಲೆ ನುಣುಪಾದ ಹೊದಿಕೆ ಎಲೆ ಇರುತ್ತದೆ. ಬಾಯಿಗಿಡುವ ತುದಿಯಲ್ಲಿ ಎಲೆಯ ಚಿಕ್ಕ ತುಂಡೊಂದನ್ನು ಸಸ್ಯದ ಅಂಟಿನಿಂದ ಟೋಪಿಯ ಹಾಗೆ ಅಂಟಿಸಿರುತ್ತಾರೆ. ಹೊದಿಕೆ ಎಲೆ ಬಿಚ್ಚಿಕೊಳ್ಳದಂತೆ ತಡೆಯುವುದು ಈ ಟೋಪಿಯೇ. ಅದು ಮುಚ್ಚಿದ್ದರೆ ಹೊಗೆ ಎಳೆಯಲಾಗದು, ಅದಕ್ಕಾಗಿ ತುದಿ ಕತ್ತರಿಸುತ್ತಾರೆ.

ಎಲ್ಲ ಸಿಗಾರ್‌ಗಳಿಗೂ ಕಟರ್ ಬೇಕೇ ಬೇಕು ಎಂದೇನಿಲ್ಲ. ತಮಿಳುನಾಡಿನ ತಿರುಚಿರಾಪಳ್ಳಿ, ದಿಂಡಿಗಲ್ ಕಡೆಯ ಚುಟ್ಟ ನೋಡಿ. ಅದರ ಎರಡೂ ತುದಿಗಳನ್ನು ತಯಾರಿಸುವಾಗಲೇ ಕತ್ತರಿಸಿರುತ್ತಾರೆ. ಯಂತ್ರದಲ್ಲಿ ಮಾಡಿದ ಅನೇಕ ಸಿಗಾರ್‌ಗಳಲ್ಲೂ ಮೊದಲೇ ತೂತು ಇರುತ್ತದೆ.

ಹೇಳಿಕೆ 1: ಅಗ್ಗದ ಕಟರ್ ಸಿಗಾರನ್ನು ಹಾಳು ಮಾಡುತ್ತದೆ

ಇದು ಅರ್ಧ ಸತ್ಯ.

ಮೊಂಡಾದ ಚಾಕುವಿನಲ್ಲಿ ಹಣ್ಣಾದ ಟೊಮೆಟೊ ಹೆಚ್ಚಲು ಹೋಗಿ. ಸಿಪ್ಪೆ ಕತ್ತರಿಸುವ ಮೊದಲೇ ಹಣ್ಣು ಅಪ್ಪಚ್ಚಿಯಾಗುತ್ತದೆ. ಬಾಯಿ ಹರಿತವಾಗಿದ್ದರೆ ನೀವು ಹಾಕಿದ ಬಲವೆಲ್ಲ ತೀರಾ ಸಣ್ಣ ಜಾಗದ ಮೇಲೆ ಬೀಳುತ್ತದೆ, ಅಲ್ಲಿ ಒತ್ತಡ ಹೆಚ್ಚಿ ಸಿಪ್ಪೆ ಸೀಳುತ್ತದೆ. ಮೊಂಡಾದಾಗ ಅದೇ ಬಲ ಹರಡಿಹೋಗಿ ಹಣ್ಣನ್ನು ಹಿಸುಕುತ್ತದೆ. ಸಿಗಾರ್‌ನ ಒಣಗಿದ ತೆಳು ಎಲೆಯಲ್ಲೂ ಆಗುವುದು ಇದೇ. ಮೊಂಡು ಬ್ಲೇಡ್ ತುದಿಯನ್ನು ಜಜ್ಜುತ್ತದೆ, ಹೊದಿಕೆ ಸೀಳುತ್ತದೆ, ಪುಡಿ ಬಾಯಿಗೆ ಬರುತ್ತದೆ.

ಆದರೆ ತಂಬಾಕಿನ ಎಲೆ ಮೆತ್ತನೆಯ ವಸ್ತು. ಅದನ್ನು ಕತ್ತರಿಸಲು ವಿಶೇಷ ಉಕ್ಕು ಬೇಕಿಲ್ಲ, ಹೊಸ ಬ್ಲೇಡಿರುವ ಸಾದಾ ಕಟರ್ ಸಾಕು. ಎರಡೂ ಕಡೆಯಿಂದ ಬ್ಲೇಡ್ ಬರುವ ಕಟರ್, ಒಂದೇ ಬ್ಲೇಡಿನದಕ್ಕಿಂತ ವಾಸಿ. ಒಂದೇ ಬ್ಲೇಡಾದರೆ ಅದು ಸಿಗಾರನ್ನು ಎದುರು ಬದಿಗೆ ಒತ್ತುತ್ತದೆ. ಎರಡಿದ್ದರೆ ಒತ್ತಡ ಸಮನಾಗಿ ಬೀಳುತ್ತದೆ. ಎರಡು ಬ್ಲೇಡಿನ ಕಟರ್‌ಗಳು ಅಗ್ಗದ ಬೆಲೆಗೇ ಸಿಗುತ್ತವೆ.

ಸಿಗಾರ್ ಬಿಚ್ಚಿಕೊಳ್ಳಲು ಹೆಚ್ಚಿನ ಸಲ ಕಾರಣ ಕಟರ್ ಅಲ್ಲ, ಕತ್ತರಿಸಿದ ಜಾಗ. ತುದಿಯಿಂದ ಸುಮಾರು 2 ಮಿಲಿಮೀಟರ್ ಕತ್ತರಿಸಿದರೆ ಟೋಪಿಯ ಒಂದಷ್ಟು ಭಾಗ ಉಳಿದುಕೊಳ್ಳುತ್ತದೆ. ಟೋಪಿ ಅಂಟಿಸಿರುವ ಗೆರೆಯನ್ನೂ ದಾಟಿ ಕತ್ತರಿಸಿದರೆ ಹೊದಿಕೆಯನ್ನು ಹಿಡಿದಿಡಲು ಏನೂ ಇರುವುದಿಲ್ಲ. ಆಗ ಕಟರ್ ನೂರು ರೂಪಾಯಿಯದಾಗಿರಲಿ, ಹತ್ತು ಸಾವಿರದ್ದಾಗಿರಲಿ, ಎಲೆ ಬಿಚ್ಚಿಕೊಳ್ಳುವುದೇ.

ಅಳತೆಯೂ ಮುಖ್ಯ. ಸಿಗಾರ್‌ನ ದಪ್ಪವನ್ನು ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. 50 ಎಂದಿದ್ದರೆ ಸುಮಾರು 20 ಮಿಲಿಮೀಟರ್, 60 ಎಂದಿದ್ದರೆ ಸುಮಾರು 24 ಮಿಲಿಮೀಟರ್ ದಪ್ಪ. ಕಟರ್‌ನ ತೂತು ಇದಕ್ಕಿಂತ ಚಿಕ್ಕದಾಗಿದ್ದರೆ ಎಷ್ಟು ದುಬಾರಿಯದಾದರೂ ಉಪಯೋಗವಿಲ್ಲ.

ಹಾಗಾದರೆ ದುಬಾರಿ ಕಟರ್‌ನಲ್ಲಿ ಏನೂ ಇಲ್ಲವೇ? ಇದೆ, ಬಾಳಿಕೆ. ಪ್ಲಾಸ್ಟಿಕ್ ಕಟರ್ ದಿನ ಕಳೆದಂತೆ ಸಡಿಲವಾಗಿ, ಎರಡು ಬ್ಲೇಡುಗಳ ನಡುವೆ ಸಂದಿ ಬೀಳುತ್ತದೆ. ಒಳ್ಳೆಯ ಲೋಹದ ಕಟರ್‌ನಲ್ಲಿ ಬ್ಲೇಡ್ ಬಹುಕಾಲ ಹರಿತವಾಗಿರುತ್ತದೆ. ಕೆಲವು ಕಂಪನಿಗಳು ಆಜೀವ ವಾರಂಟಿಯನ್ನೂ ಕೊಡುತ್ತವೆ. ಆದರೆ ಈ ಲಾಭ ಸಿಗುವುದು ಮಧ್ಯಮ ಬೆಲೆಯವರೆಗೆ ಮಾತ್ರ. ಅದರಾಚೆಗೆ ಕೊಡುವ ದುಡ್ಡು ಚಿನ್ನದ ಲೇಪ, ಮರದ ಹಿಡಿ ಮತ್ತು ಹೆಸರಿಗೆ ಹೋಗುತ್ತದೆ. ಮನೆಯ ಹಳೆಯ ಅಡಕತ್ತರಿಗೆ ಬೆಳ್ಳಿ ಹಿಡಿ ಹಾಕಿಸಿದರೆ ಅಡಿಕೆ ಹೆಚ್ಚು ನುಣ್ಣಗೆ ಹೋಳಾಗುವುದಿಲ್ಲವಲ್ಲ!

ಹೇಳಿಕೆ 2: ದುಬಾರಿ ಲೈಟರ್‌ನಿಂದ ಹಚ್ಚಿದರೆ ಹೊಗೆ ಶುದ್ಧ

ಇಲ್ಲಿ ಕೇಳಬೇಕಾದ್ದು ಲೈಟರ್‌ನ ಬೆಲೆಯನ್ನಲ್ಲ, ಅದರೊಳಗಿನ ಇಂಧನವನ್ನು.

ಪಾನ್ ಅಂಗಡಿಯ ಲೈಟರ್‌ನಲ್ಲಿರುವುದು ಬ್ಯುಟೇನ್ ಅನಿಲ. ಜೆಟ್ ಲೈಟರ್‌ನಲ್ಲಿ ತುಂಬುವುದೂ ಅದನ್ನೇ. ನಮ್ಮ ಅಡುಗೆಮನೆಯ ಸಿಲಿಂಡರ್‌ನಲ್ಲೂ ಪ್ರೊಪೇನ್ ಜೊತೆ ಬ್ಯುಟೇನ್ ಇರುತ್ತದೆ. ಬ್ಯುಟೇನ್ ಪೂರ್ತಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ. ಯಾವ ಕಂಪನಿಯ ಲೈಟರ್ ಎಂಬುದು ಆ ಅನಿಲಕ್ಕೆ ಗೊತ್ತಿರುವುದಿಲ್ಲ.

ಪೆಟ್ರೋಲ್ ಲೈಟರ್ ಎಂದು ನಾವು ಕರೆಯುವ ಬತ್ತಿಯ ಲೈಟರ್‌ಗಳ ಕಥೆ ಬೇರೆ. 1932ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಜಿಪ್ಪೊ ಕಂಪನಿಯ ಲೈಟರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಗಾಳಿಗೆ ಆರದಿರುವುದು ಅದರ ಹೆಗ್ಗಳಿಕೆ. ಆದರೆ ಅದರ ದ್ರವ ಇಂಧನಕ್ಕೆ ತನ್ನದೇ ವಾಸನೆಯಿದೆ. ಆ ವಾಸನೆ ಮೊದಲ ಕೆಲವು ದಮ್‌ಗಳಲ್ಲಿ ಗೊತ್ತಾಗುತ್ತದೆ ಎಂದು ಸಿಗಾರ್ ಸೇದುವವರು ದೂರುವುದುಂಟು. ಅಂದರೆ ವಾಸನೆಯ ವಿಷಯದಲ್ಲಿ ಸಾವಿರಾರು ರೂಪಾಯಿಯ ಪೆಟ್ರೋಲ್ ಲೈಟರ್‌ಗಿಂತ ಪಾನ್ ಅಂಗಡಿಯ ಸಾದಾ ಗ್ಯಾಸ್ ಲೈಟರ್ರೇ ವಾಸಿ. ಬೆಲೆಗೂ ‘ಶುದ್ಧತೆ’ಗೂ ಸಂಬಂಧವಿಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನು ಬೆಂಕಿಕಡ್ಡಿ. ಕಡ್ಡಿಯ ತಲೆಯಲ್ಲಿ ಗಂಧಕ ಇರುವುದು ನಿಜ. ಗೀರಿದ ತಕ್ಷಣ ಮೂಗಿಗೆ ಬಡಿಯುವ ಘಾಟು ಅದರದ್ದೇ. ಆದರೆ ಆ ತಲೆ ಒಂದೆರಡು ಸೆಕೆಂಡಿನಲ್ಲಿ ಉರಿದು ಮುಗಿಯುತ್ತದೆ, ಆಮೇಲೆ ಉರಿಯುವುದು ಕಡ್ಡಿಯ ಮರ ಮಾತ್ರ. ತಲೆ ಉರಿದು ಮುಗಿದ ಮೇಲೆ ಹಚ್ಚಿದರೆ ಘಾಟಿನ ಸಮಸ್ಯೆ ಇರುವುದಿಲ್ಲ. 2021ರ ಡಿಸೆಂಬರ್‌ನಿಂದ 2 ರೂಪಾಯಿಯಾಗಿರುವ ಬೆಂಕಿಪೊಟ್ಟಣ ಇಲ್ಲೂ ಕೆಲಸ ಮಾಡುತ್ತದೆ.

“ಅಗ್ಗದ ಲೈಟರ್ ವಿಷಕಾರಿ, ಅದಕ್ಕೇ ಸರ್ಕಾರ ನಿಷೇಧಿಸಿದೆ” ಎಂಬ ಮಾತನ್ನೂ ನಂಬಬೇಡಿ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ನಿಷೇಧಿಸಿದ್ದು 20 ರೂಪಾಯಿಗಿಂತ ಕಡಿಮೆ ಮೌಲ್ಯದ ಲೈಟರ್‌ಗಳ ಆಮದನ್ನು. ಅದು ವ್ಯಾಪಾರಕ್ಕೆ ಸಂಬಂಧಿಸಿದ ಕ್ರಮ. ಹೊರದೇಶದ ಅಗ್ಗದ ಲೈಟರ್‌ಗಳಿಂದ ತಮ್ಮ ಉದ್ಯಮಕ್ಕೆ ಪೆಟ್ಟು ಬೀಳುತ್ತಿದೆ ಎಂದು ಬೆಂಕಿಪೊಟ್ಟಣ ತಯಾರಕರು ಅದಕ್ಕೂ ಮೊದಲಿನಿಂದ ದೂರುತ್ತಿದ್ದರು.

ಜೆಟ್ ಜ್ವಾಲೆ ನೀಲಿ, ಸಾದಾ ಜ್ವಾಲೆ ಹಳದಿ. ಏಕೆ?

ಗ್ಯಾಸ್ ಒಲೆಯ ಉರಿ ಹಳದಿಯಾದರೆ ಪಾತ್ರೆಯ ತಳ ಕಪ್ಪಾಗುವುದನ್ನು ನೋಡಿರುತ್ತೀರಿ. ಅನಿಲಕ್ಕೆ ಸಾಕಷ್ಟು ಗಾಳಿ ಸೇರದಿದ್ದಾಗ ಮಸಿಯ ಕಣಗಳು ಉಳಿದು ಕಾದು ಹಳದಿಯಾಗಿ ಹೊಳೆಯುತ್ತವೆ. ಜೆಟ್ ಲೈಟರ್‌ನಲ್ಲಿ ಅನಿಲ ಮೊದಲೇ ಗಾಳಿಯೊಂದಿಗೆ ಬೆರೆತು ಜೋರಾಗಿ ನುಗ್ಗುವುದರಿಂದ ಉರಿ ನೀಲಿಯಾಗಿಯೂ ಹೆಚ್ಚು ಬಿಸಿಯಾಗಿಯೂ ಇರುತ್ತದೆ. ಗಾಳಿ ಬೀಸುವ ಕಡೆ ಇದು ಆರುವುದಿಲ್ಲ, ದಪ್ಪ ಸಿಗಾರ್ ಬೇಗ ಹತ್ತಿಕೊಳ್ಳುತ್ತದೆ. ಇದು ನಿಜವಾದ ಅನುಕೂಲ.

ಅನನುಕೂಲವೂ ಇದೆ. ಹತ್ತಿರ ಹಿಡಿದರೆ ತುದಿ ಸುಟ್ಟು ಕರಕಲಾಗಿ ಕಹಿಯಾಗುತ್ತದೆ. ಬಿಸಿಲಲ್ಲಿ ನೀಲಿ ಉರಿ ಸರಿಯಾಗಿ ಕಾಣದೆ ಬೆರಳು ಸುಟ್ಟುಕೊಳ್ಳಬಹುದು. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಅನಿಲ ಮತ್ತು ಗಾಳಿಯ ಬೆರಕೆ ಹದ ತಪ್ಪಿ ಜೆಟ್ ಲೈಟರ್ ಕೈಕೊಡುತ್ತದೆ. ಲೇಹ್‌ಗೆ ಹೋದವರಿಗೆ ಸಾದಾ ಲೈಟರ್ರೇ ಗತಿ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಜೆಟ್ ಲೈಟರನ್ನು ಕೈಚೀಲದಲ್ಲೂ ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ಅಲ್ಲಿಂದ ಊರಿಗೆ ಬರುವ ಮಗನಿಗೋ ಅಳಿಯನಿಗೋ “ಒಂದು ಜೆಟ್ ಲೈಟರ್ ತಗೊಂಡು ಬಾ” ಎಂದು ಹೇಳುವ ಮುನ್ನ ಇದು ನೆನಪಿರಲಿ.

ದುಬಾರಿ ಲೈಟರ್ ಕೂಡ ಏಕೆ ಹತ್ತಿಕೊಳ್ಳುವುದಿಲ್ಲ?

ಜೆಟ್ ಲೈಟರ್‌ನಲ್ಲಿ ಅನಿಲ ಹೊರಬರುವ ತೂತು ಕೂದಲೆಳೆಯಷ್ಟು ಸಣ್ಣದು. ಅನಿಲದಲ್ಲಿ ಎಣ್ಣೆಯಂಥ ಕಲ್ಮಶವಿದ್ದರೆ ಅದು ಕಟ್ಟಿಕೊಳ್ಳುತ್ತದೆ. ಇನ್ನೊಂದು ಕಾರಣ, ಟ್ಯಾಂಕಿನೊಳಗೆ ಸಿಕ್ಕಿಕೊಂಡ ಗಾಳಿ. “ಹೋಯಿತು” ಎಂದು ಬಿಸಾಡುವ ಅನೇಕ ಲೈಟರ್‌ಗಳ ದೋಷ ಇಷ್ಟೇ.

ಗ್ಯಾಸ್ ತುಂಬುವ ಮೊದಲು ಉರಿಯ ತಿರುಪನ್ನು ಕಡಿಮೆಗೆ ತಿರುಗಿಸಿ. ಬೆಂಕಿಯಿಲ್ಲದ, ಗಾಳಿಯಾಡುವ ಜಾಗದಲ್ಲಿ ಲೈಟರನ್ನು ತಲೆಕೆಳಗಾಗಿ ಹಿಡಿದು, ಕೆಳಗಿನ ವಾಲ್ವನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಒತ್ತಿ ಉಳಿದ ಗಾಳಿ ಬಿಡಿ. ನಂತರ ಅದೇ ಭಂಗಿಯಲ್ಲಿ ಗ್ಯಾಸ್ ತುಂಬಿ, ಐದು ನಿಮಿಷ ಬಿಟ್ಟು ಹಚ್ಚಿ. ಸಾವಿರಾರು ರೂಪಾಯಿಯ ಲೈಟರ್‌ಗೂ ಇದೇ ಉಪಚಾರ.

ಅತಿ ದುಬಾರಿ ಲೈಟರ್‌ಗಳಲ್ಲಿ ದುಡ್ಡು ಎಲ್ಲಿಗೆ ಹೋಗುತ್ತದೆ? 1872ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಎಸ್.ಟಿ. ಡ್ಯುಪಾಂ ಸಂಸ್ಥೆಯ ಕೆಲವು ಲೈಟರ್‌ಗಳ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅರಗಿನ ಲೇಪ, ಕುಸುರಿ ಕೆಲಸ, ಮುಚ್ಚಳ ತೆರೆದಾಗ ಬರುವ ಠಣ್ ಎನ್ನುವ ಸದ್ದು ಅದರ ಆಕರ್ಷಣೆ. ಕೈಗಡಿಯಾರದ ಹಾಗೆ ಇದೂ ಒಂದು ಆಭರಣ. ಆಭರಣ ಎಂದು ತಿಳಿದು ಕೊಳ್ಳುವುದು ಅವರವರ ಇಷ್ಟ. ಹೊಗೆ ಶುದ್ಧವಾಗುತ್ತದೆ ಎಂದು ಕೊಂಡರೆ ಮಾತ್ರ ಮೋಸ.

ಹೇಳಿಕೆ 3: ಒಳ್ಳೆಯ ಸಲಕರಣೆ ಇದ್ದರೆ ಹಾನಿ ಕಡಿಮೆ

ಇದು ಸಂಪೂರ್ಣ ಸುಳ್ಳು, ಎಲ್ಲಕ್ಕಿಂತ ಅಪಾಯಕಾರಿಯೂ ಹೌದು.

ಲೆಕ್ಕ ಸರಳ. ಲೈಟರ್‌ನ ಉರಿ ಸಿಗಾರ್‌ಗೆ ತಾಗುವುದು ಹೆಚ್ಚೆಂದರೆ ಅರ್ಧ ನಿಮಿಷ. ದೊಡ್ಡ ಸಿಗಾರ್ ಉರಿಯುವುದು ಒಂದು ಗಂಟೆಯ ಆಸುಪಾಸು. ಆ ಒಂದು ಗಂಟೆ ಬರುವ ಹೊಗೆ ಲೈಟರ್‌ನದ್ದಲ್ಲ, ತಂಬಾಕಿನದ್ದು. ಕಾರ್ಬನ್ ಮಾನಾಕ್ಸೈಡ್, ಟಾರ್, ಕ್ಯಾನ್ಸರ್ ತರುವ ನೈಟ್ರೋಸಮೀನ್‌ಗಳು ಎಲ್ಲವೂ ಅದರಲ್ಲೇ ಇವೆ. ಸಿಗಾರ್‌ಗೆ ಬಳಸುವ ಎಲೆಯನ್ನು ಹುದುಗು ಬರಿಸುವುದರಿಂದ ನೈಟ್ರೋಸಮೀನ್ ಪ್ರಮಾಣ ಸಿಗರೇಟಿಗಿಂತ ಹೆಚ್ಚೇ ಇರುತ್ತದೆ.

“ಸಿಗಾರ್ ಹೊಗೆಯನ್ನು ಒಳಗೆ ಎಳೆಯುವುದಿಲ್ಲವಲ್ಲ” ಎನ್ನುವವರಿದ್ದಾರೆ. ಸಿಗಾರ್‌ನ ಹೊಗೆ ಹೆಚ್ಚು ಕ್ಷಾರೀಯ. ಹಾಗಾಗಿ ಅದರ ನಿಕೋಟಿನ್ ಶ್ವಾಸಕೋಶಕ್ಕೆ ಹೋಗದೆಯೂ ಬಾಯಿಯ ಒಳಪದರದಿಂದಲೇ ರಕ್ತ ಸೇರುತ್ತದೆ. ಒಂದು ಸಿಗರೇಟಿನಲ್ಲಿ ಒಂದು ಗ್ರಾಮ್‌ಗಿಂತ ಕಡಿಮೆ ತಂಬಾಕಿದ್ದರೆ, ದೊಡ್ಡ ಸಿಗಾರ್‌ನಲ್ಲಿ 5ರಿಂದ 20 ಗ್ರಾಮ್‌ವರೆಗೆ ಇರಬಹುದು. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವಿವರವಾದ ವರದಿಯಲ್ಲಿ ಹೇಳಿದೆ.

ಮನೋವಿಶ್ಲೇಷಣೆಯ ಪಿತಾಮಹ ಸಿಗ್ಮಂಡ್ ಫ್ರಾಯ್ಡ್ ದಿನಕ್ಕೆ ಸುಮಾರು 20 ಸಿಗಾರ್ ಸೇದುತ್ತಿದ್ದರು. 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. 1939ರಲ್ಲಿ ತೀರಿಕೊಳ್ಳುವವರೆಗೆ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಸ್ವತಃ ವೈದ್ಯರಾಗಿದ್ದರೂ ಅವರಿಗೆ ಸಿಗಾರ್ ಬಿಡಲಾಗಲಿಲ್ಲ.

ಉಡುಗೊರೆ ಕೊಡುವ ಮುನ್ನ

ಈಗಾಗಲೇ ಸೇದುವವರು ಬದಲಿ ಕಟರ್ ಹುಡುಕುತ್ತಿದ್ದರೆ ನೋಡಬೇಕಾದ್ದು ಇಷ್ಟು:

- ಎರಡು ಬ್ಲೇಡ್ ಇರಲಿ. ಮುಚ್ಚಿದಾಗ ಅವುಗಳ ನಡುವೆ ಬೆಳಕು ಕಾಣಬಾರದು.
- ತೂತಿನ ಅಳತೆ ಸಿಗಾರ್‌ನ ದಪ್ಪಕ್ಕೆ ಸರಿಹೊಂದಲಿ.
- ಲೈಟರ್ ಬ್ಯುಟೇನ್‌ನದ್ದಾಗಿರಲಿ, ಮತ್ತೆ ತುಂಬಲು ಬರುವಂತಿರಲಿ. ಇಂಧನ ಎಷ್ಟಿದೆ ಎಂದು ಕಾಣುವ ಕಿಟಕಿ ಇದ್ದರೆ ಒಳ್ಳೆಯದು.
- ಎರಡನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಲೈಟರ್ ಬಿಡಬೇಡಿ.

ಸೇದದವರಿಗೆ, ಅಥವಾ ಅಪರೂಪಕ್ಕೆ ಸೇದುವವರಿಗೆ ಇಂಥ ಸೆಟ್ ಕೊಡುವ ಮುನ್ನ ಒಂದು ಕ್ಷಣ ಯೋಚಿಸಿ. ಕಪಾಟಿನಲ್ಲಿ ಚೆಂದದ ಸೆಟ್ ಇದ್ದರೆ “ಕೊಂಡಿದ್ದೇವಲ್ಲ, ಬಳಸೋಣ” ಅನಿಸುತ್ತದೆ. ವರ್ಷಕ್ಕೊಮ್ಮೆ ಸೇದುವುದು ವಾರಕ್ಕೊಮ್ಮೆ ಆಗುವುದು ಹೀಗೆಯೇ. ಉಡುಗೊರೆ ಪಡೆಯುವವರು 21 ವರ್ಷದೊಳಗಿನವರಾದರೆ ಕರ್ನಾಟಕದಲ್ಲಿ ಅವರಿಗೆ ತಂಬಾಕು ಮಾರುವುದೇ ಕಾನೂನುಬಾಹಿರ.

ಬಿಡಬೇಕು ಎಂದುಕೊಂಡಿರುವವರು 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ

ಹರಿತವಾದ ಸಾದಾ ಕಟರ್ ಮತ್ತು ಬ್ಯುಟೇನ್ ಲೈಟರ್ ಮಾಡುವ ಕೆಲಸವನ್ನೇ ದುಬಾರಿ ಸೆಟ್ ಕೂಡ ಮಾಡುತ್ತದೆ. ಹೆಚ್ಚು ದುಡ್ಡಿಗೆ ಬಾಳಿಕೆ ಮತ್ತು ಚೆಂದ ಸಿಗುತ್ತದೆ, ಆರೋಗ್ಯ ಸಿಗುವುದಿಲ್ಲ. “ಈ ಲೈಟರ್‌ನಿಂದ ಹೊಗೆ ಶುದ್ಧ” ಎಂಬ ಸಂದೇಶ ಮುಂದಿನ ಸಲ ಗ್ರೂಪಿಗೆ ಬಂದರೆ, ಅದನ್ನು ಕಳಿಸಿದವರಿಗೆ ಇದನ್ನು ಕಳಿಸಿ.