ಯೂನಿಫಾರ್ಮ್ ಕಳಚಿಟ್ಟ ಮೇಲೆ ಕಾರ್ಯಪ್ಪ ಹಿಡಿದ ಕೆಲಸ

ಜನವರಿ 15 ಬಂತೆಂದರೆ ಕೊಡಗಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ನೆನಪಾಗುತ್ತಾರೆ. 1949ರಲ್ಲಿ ಅದೇ ದಿನ ಅವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಹಾಗಾಗಿಯೇ ಅದು ಸೇನಾ ದಿನ. ಪರೇಡ್ ನಡೆಯುತ್ತದೆ, ಭಾಷಣ ಆಗುತ್ತದೆ, ಅಲ್ಲಿಗೆ ಮುಗೀತು. ಆದರೆ 1953ರ ಜನವರಿ 14ರಂದು ನಿವೃತ್ತರಾದ ಮೇಲೆ ಕಾರ್ಯಪ್ಪ ಇನ್ನೂ 40 ವರ್ಷ ಬದುಕಿದ್ದರು. ಆ 40 ವರ್ಷಗಳ ಬಗ್ಗೆ ಮಾತಾಡುವವರು ಕಡಿಮೆ.

ನಿವೃತ್ತಿಯ ದಿನ ಅವರಿಗೆ 54 ತುಂಬಲು ಎರಡು ವಾರ ಬಾಕಿಯಿತ್ತು. ಆಮೇಲೆ 1956ರವರೆಗೆ ಆಸ್ಟ್ರೇಲಿಯಾ ಮತ್ತು ನ್ಯೂಝಿಲೆಂಡ್‌ಗೆ ಭಾರತದ ಹೈಕಮಿಷನರ್. ಅಲ್ಲಿಂದ ಬಂದವರು ಮಡಿಕೇರಿಯ ತಮ್ಮ ಮನೆ 'ರೋಶನಾರಾ'ದಲ್ಲಿ ಕಾಫಿ ಕುಡಿಯುತ್ತಾ ಆರಾಮಾಗಿ ಇರಬಹುದಿತ್ತು. ಇರಲಿಲ್ಲ. ತಮ್ಮ ಕೈಕೆಳಗೆ ದುಡಿದು ಊರಿಗೆ ಮರಳಿದ ಸಿಪಾಯಿಗಳ ಗತಿ ಏನು ಎಂಬ ಪ್ರಶ್ನೆ ಹಿಡಿದು ಓಡಾಡಿದರು. 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಎಂಬ ಮಾಜಿ ಸೈನಿಕರ ಸಂಘಟನೆ ಕಟ್ಟಿದರು.

ಸಿಪಾಯಿಗೆ ಯಾಕೆ ಪ್ರತ್ಯೇಕ ಸಂಘಟನೆ ಬೇಕಿತ್ತು? ಇದು ಕರಾವಳಿಯವರಿಗೆ ಬೇಗ ಅರ್ಥವಾಗುವ ಲೆಕ್ಕ. 20ನೇ ವಯಸ್ಸಿಗೆ ಗಲ್ಫ್‌ಗೆ ಹೋದವನು 40ಕ್ಕೆ ಊರಿಗೆ ವಾಪಸ್ ಬಂದರೆ ಮನೆಯಲ್ಲಿ ಏನು ಚಿಂತೆ ಶುರುವಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಮಕ್ಕಳು ಶಾಲೆಯಲ್ಲಿ, ಮನೆ ಸಾಲ ಅರ್ಧದಲ್ಲಿ, ಹೊಸ ಕೆಲಸಕ್ಕೆ ವಯಸ್ಸು ಮೀರಿದೆ. ಸಿಪಾಯಿಯದ್ದೂ ಅದೇ ಕಥೆ. ಸೇನೆಗೆ ಹರೆಯದ ಮೈ ಬೇಕು. ಸರಕಾರಿ ಗುಮಾಸ್ತ 60ರವರೆಗೆ ಪೂರ್ತಿ ಸಂಬಳ ಎಣಿಸುವಾಗ, ಸಿಪಾಯಿ 35-40ರೊಳಗೆ ಪಿಂಚಣಿದಾರ ಆಗಿಬಿಡುತ್ತಾನೆ. ಅಂದರೆ ಸಂಬಳ ಅತಿ ಹೆಚ್ಚಾಗಬೇಕಾದ 20 ವರ್ಷ ಅವನಿಗಿಲ್ಲ. ಮಾಜಿ ಸೈನಿಕರು ಕೇಳುವುದು ದಾನ ಅಲ್ಲ, ಆ ಕಳೆದುಹೋದ ವರ್ಷಗಳ ಬೆಲೆ.

ಕಾರ್ಯಪ್ಪ ಸಿಪಾಯಿಯನ್ನು ಹೇಗೆ ನೋಡುತ್ತಿದ್ದರು ಎಂಬುದಕ್ಕೆ 1965ರ ಯುದ್ಧದ ಒಂದು ಘಟನೆಯನ್ನು ಈಗಲೂ ಹೇಳುತ್ತಾರೆ. ವಾಯುಪಡೆಯಲ್ಲಿದ್ದ ಅವರ ಮಗ ಕೆ.ಸಿ. ಕಾರ್ಯಪ್ಪ ಅವರ ವಿಮಾನವನ್ನು ಹೊಡೆದುರುಳಿಸಿದ್ದ ಪಾಕಿಸ್ತಾನ ಅವರನ್ನು ಸೆರೆ ಹಿಡಿದಿತ್ತು. ಆಗಿನ ಪಾಕ್ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಕಾರ್ಯಪ್ಪರ ಕೈಕೆಳಗೆ ಇದ್ದವರು. ಹಳೆಯ ಗುರುತಿನ ಮೇಲೆ ಮಗನನ್ನು ಬಿಡುವ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬುದು ಅವರ ಉತ್ತರ.

1986ರಲ್ಲಿ, 87ರ ವಯಸ್ಸಿನಲ್ಲಿ, ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಈ ಪದವಿಗೆ ನಿವೃತ್ತಿಯೇ ಇಲ್ಲ. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಮಾಜಿ ಸೈನಿಕರ ಹೋರಾಟ ಅಲ್ಲಿಗೆ ನಿಲ್ಲಲಿಲ್ಲ. 'ಒಂದು ರ‍್ಯಾಂಕ್, ಒಂದು ಪಿಂಚಣಿ' ಎಂಬ ಬೇಡಿಕೆ ದಶಕಗಳ ಕಾಲ ಕಡತದಲ್ಲೇ ಇತ್ತು. ವಿಷಯ ಸರಳ. ಇಬ್ಬರು ಹವಾಲ್ದಾರರು, ಇಬ್ಬರದ್ದೂ ಒಂದೇ ರ‍್ಯಾಂಕ್, ಅಷ್ಟೇ ವರ್ಷದ ಸೇವೆ. ಒಬ್ಬರು 1995ರಲ್ಲಿ ನಿವೃತ್ತರು, ಇನ್ನೊಬ್ಬರು 2013ರಲ್ಲಿ. ನಡುವೆ ವೇತನ ಆಯೋಗಗಳು ಬಂದು ಹೋದದ್ದರಿಂದ ಹಳಬರ ಪಿಂಚಣಿ ಕಡಿಮೆ, ಹೊಸಬರದ್ದು ಜಾಸ್ತಿ. ಮೊದಲು ಹುಟ್ಟಿದ್ದೇ ತಪ್ಪು ಎಂಬಂತೆ! ನಿವೃತ್ತ ಮೇಜರ್ ಜನರಲ್ ಸತ್ಬೀರ್ ಸಿಂಗ್ ಮುಂದಾಳತ್ವದಲ್ಲಿ 2015ರ ಜೂನ್‌ನಲ್ಲಿ ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಶುರುವಾಯಿತು. ಅದೇ ವರ್ಷ ನವೆಂಬರ್ 7ರಂದು ಸರಕಾರದ ಆದೇಶ ಹೊರಬಿತ್ತು. 2014ರ ಜುಲೈ 1ರಿಂದ ಅನ್ವಯ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಆದರೆ ಆದೇಶದ ನಂತರ ತಾವಾಗಿಯೇ ಕೇಳಿಕೊಂಡು ಅವಧಿಗೆ ಮುನ್ನ ಬಿಟ್ಟು ಬಂದವರಿಗೆ ಇದು ಸಿಗದು. ಪ್ರತಿ ವರ್ಷ ಪರಿಷ್ಕರಿಸಬೇಕೆಂದು ಕೇಳಿದವರಿಗೆ ಸುಪ್ರೀಂ ಕೋರ್ಟಿನಲ್ಲಿ ಜಯ ಸಿಗಲಿಲ್ಲ. ಆದರೂ 2022ರ ಮಾರ್ಚ್ 16ರ ತೀರ್ಪು, ಬಾಕಿಯಾಗಿದ್ದ 2019ರ ಪರಿಷ್ಕರಣೆಯನ್ನು ಮಾಡಿ ಮುಗಿಸಿ ಎಂದು ಹೇಳಿತು.

ಈಗ ಸೇನೆಗೆ ಹೊರಟ ಹುಡುಗರ ವಿಷಯ. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥದಡಿ ಸೇರುವ ಅಗ್ನಿವೀರರಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಸೇವೆ ನಾಲ್ಕು ವರ್ಷ. ಮೊದಲ ವರ್ಷದ ಮಾಸಿಕ ಮೊತ್ತ 30,000 ರೂಪಾಯಿ, ಅದರಲ್ಲಿ 30 ಶೇಕಡ ಸೇವಾ ನಿಧಿಗೆ ಕಡಿತ, ಸರಕಾರದಿಂದಲೂ ಅಷ್ಟೇ ಜಮೆ. ಹೊರಬರುವಾಗ ಬಡ್ಡಿ ಸೇರಿ ಸುಮಾರು 11.71 ಲಕ್ಷ ಕೈಗೆ ಬರುತ್ತದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಗರಿಷ್ಠ 25 ಶೇಕಡ ಮಂದಿಗೆ ಮಾತ್ರ ಕಾಯಂ ಸೇವೆಯ ಅವಕಾಶ. 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ 'ಇಸಿಎಚ್‌ಎಸ್' ಕೂಡ ಉಳಿದವರಿಗಿಲ್ಲ. ಸೇನೆಗೆ ಹೋಗಬೇಡಿ ಎಂದಲ್ಲ, ಲೆಕ್ಕ ತಿಳಿದು ಹೋಗಿ ಎಂದಷ್ಟೇ. 35ಕ್ಕೆ ಮನೆಗೆ ಬಂದ ಸಿಪಾಯಿಗಾಗಿ ಕಾರ್ಯಪ್ಪ ಸಂಘಟನೆ ಕಟ್ಟಿದರು. 25ರೊಳಗೆ ಮನೆಗೆ ಬರುವವನಿಗಾಗಿ ಯಾರು ಕಟ್ಟುತ್ತಾರೋ!

ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಒಂದು ಕೆಲಸ ಇವತ್ತೇ ಮಾಡಬಹುದು. ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶದ ಪ್ರತಿ ಮತ್ತು ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಂಡತಿಯ ಹೆಸರು ಓದಿ ನೋಡಿ. ಒಂದರಲ್ಲಿ ಐಸಮ್ಮ, ಇನ್ನೊಂದರಲ್ಲಿ ಆಯಿಷಾ, ಮತ್ತೊಂದರಲ್ಲಿ ಆಯಿಶಾಬಿ ಎಂದಿದ್ದರೆ ಮುಂದೆ ಕುಟುಂಬ ಪಿಂಚಣಿಯ ಕಡತ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಈಗ ಎಲ್ಲವೂ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುವುದರಿಂದ ಒಂದು ಅಕ್ಷರ ಬದಲಾದರೂ ತೊಂದರೆ. ಯಜಮಾನರು ಬದುಕಿರುವಾಗಲೇ ಅವರನ್ನು ಕರಕೊಂಡು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದರೆ ತಿದ್ದುಪಡಿ ಸುಲಭ. ಅವರು ತೀರಿಕೊಂಡ ಮೇಲೆ ಅದೇ ಅಕ್ಷರಕ್ಕಾಗಿ ವಿಧವೆ ತಿಂಗಳುಗಟ್ಟಲೆ ಅಲೆಯಬೇಕಾದೀತು.