ಓಡುತ್ತ ಓದಲು ಕಲಿಸುವುದು: ರನ್ ಅಂಡ್ ಶೂಟ್ ಪಾಸ್ ಮಾರ್ಗಗಳ ಬೋಧನಾಕ್ರಮ

ಕೌಶಲ ಪಾಠಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ‘ಹೇಗೆ ಮಾಡಬೇಕು’ ಎಂಬುದನ್ನು ಚೆನ್ನಾಗಿಯೇ ತೋರಿಸುತ್ತಾರೆ. ‘ಯಾವಾಗ ಯಾವುದನ್ನು ಮಾಡಬೇಕು’ ಎಂಬುದನ್ನು ಕಲಿಸುವಾಗ ಮಾತ್ರ ತಡವರಿಸುತ್ತಾರೆ. ದೈಹಿಕ ಶಿಕ್ಷಣದ ಬೋಧನಾ ವಿಧಾನವನ್ನು ಹೇಳಿಕೊಡುವ ನಾನು ಈ ಎರಡನೆಯದನ್ನು ವಿವರಿಸಲು ಅಮೆರಿಕನ್ ಫುಟ್‌ಬಾಲ್‌ನ ‘ರನ್ ಅಂಡ್ ಶೂಟ್’ ಪದ್ಧತಿಯನ್ನು ಆರಿಸಿಕೊಳ್ಳುತ್ತೇನೆ. ನಮ್ಮ ಮಕ್ಕಳು ಆಡದ ಆಟವಾದ್ದರಿಂದ ಅದರ ಕಲಿಸುವ ಕ್ರಮದ ಮೇಲಷ್ಟೇ ಗಮನವಿಡಬಹುದು.

ಪದ್ಧತಿಯ ಪರಿಚಯ

ಈ ಆಟದಲ್ಲಿ ತಂಡಕ್ಕೆ 11 ಆಟಗಾರರು. ಚೆಂಡು ಹೊಂದಿದ ತಂಡ ನಾಲ್ಕು ಯತ್ನಗಳಲ್ಲಿ ಕನಿಷ್ಠ 10 ಗಜ ಮುಂದೆ ಸಾಗಬೇಕು. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್, ಓಡಿ ಹಿಡಿಯುವವನು ರಿಸೀವರ್. ರಿಸೀವರ್ ಓಡುವ ದಾರಿಗೆ ರೂಟ್ ಎನ್ನುತ್ತಾರೆ. ಹಲವು ರೂಟ್‌ಗಳು ಒಂದು ಉದ್ದೇಶಕ್ಕೆ ಹೊಂದಿಕೊಂಡಾಗ ಅದು ಒಂದು ಪರಿಕಲ್ಪನೆ ಎನಿಸುತ್ತದೆ.

ಒಹಾಯೋದ ಮಿಡಲ್‌ಟೌನ್ ಪ್ರೌಢಶಾಲೆಯ ತರಬೇತುದಾರ ಗ್ಲೆನ್ ‘ಟೈಗರ್’ ಎಲಿಸನ್ 1950ರ ದಶಕದ ಕೊನೆಯಲ್ಲಿ ಈ ಪದ್ಧತಿಗೆ ಬುನಾದಿ ಹಾಕಿದರು. ಆರೆಗನ್‌ನ ಮೌಸ್ ಡೇವಿಸ್ ಅದನ್ನು ಮೊದಲು ಪ್ರೌಢಶಾಲೆಯಲ್ಲಿ, ಬಳಿಕ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೆಳೆಸಿದರು. ಅವರ ಬಳಿ ಆಡಿದ ಜೂನ್ ಜೋನ್ಸ್ ಮುಂದೆ ತರಬೇತುದಾರರಾಗಿ ಹವಾಯಿ ವಿಶ್ವವಿದ್ಯಾಲಯದ ತಂಡವನ್ನು ಇದೇ ಪದ್ಧತಿಯಲ್ಲಿ ಆಡಿಸಿದರು. ಮೈದಾನದಲ್ಲಿ ನಾಲ್ವರು ರಿಸೀವರ್‌ಗಳು, ಒಬ್ಬ ರನ್ನಿಂಗ್‌ಬ್ಯಾಕ್, ಐವರು ತಡೆಯುವವರು ಮತ್ತು ಕ್ವಾರ್ಟರ್‌ಬ್ಯಾಕ್. ಕಲಿಯಬೇಕಾದ ಪರಿಕಲ್ಪನೆಗಳು ಕೆಲವೇ. ಅಭ್ಯಾಸ ಮಾತ್ರ ಅಪಾರ.

ಸ್ಥಿರ ದಾರಿ, ಪ್ರಶ್ನೆಯುಳ್ಳ ದಾರಿ

‘ಗೋ’ ಎಂಬ ಪರಿಕಲ್ಪನೆಯನ್ನು ನೋಡೋಣ. ಒಂದೇ ಬದಿಯಲ್ಲಿ ಮೂವರು ರಿಸೀವರ್‌ಗಳಿರುತ್ತಾರೆ. ತುದಿಯವನು ಅಂಚುಗೆರೆಯ ಪಕ್ಕದಲ್ಲಿ ನೇರವಾಗಿ ಮುಂದಕ್ಕೆ ಓಡುತ್ತಾನೆ. ಒಳಗಿನವನು ಬೇಗನೆ ಅಂಚಿನ ಕಡೆಗೆ, ಹತ್ತಿರದ ಜಾಗಕ್ಕೆ ಸರಿಯುತ್ತಾನೆ. ಈ ಇಬ್ಬರ ದಾರಿಯಲ್ಲಿ ಆಯ್ಕೆಯಿಲ್ಲ. ಒಬ್ಬನು ಒಬ್ಬ ರಕ್ಷಕನನ್ನು ಆಳಕ್ಕೆ ಎಳೆಯುತ್ತಾನೆ, ಇನ್ನೊಬ್ಬನು ಮತ್ತೊಬ್ಬ ರಕ್ಷಕನನ್ನು ಹತ್ತಿರದಲ್ಲೇ ಹಿಡಿದಿಡುತ್ತಾನೆ. ಹೀಗೆ ನಡುವಿನವನಿಗೆ ಜಾಗ ಸಿಗುತ್ತದೆ.

ನಡುವಿನವನ ದಾರಿಗೆ ‘ಸೀಮ್ ರೀಡ್’ ಎಂದು ಹೆಸರು. ಅವನು ನೇರವಾಗಿ ಓಡುತ್ತಲೇ ಆಳದಲ್ಲಿ ನಿಂತ ರಕ್ಷಕರನ್ನು, ಅಂದರೆ ಸೇಫ್ಟಿಗಳನ್ನು ಓದಬೇಕು. ಮೈದಾನದ ನಡುವೆ ಒಬ್ಬ ಸೇಫ್ಟಿ ನಿಂತು ಅದನ್ನು ಮುಚ್ಚಿದ್ದರೆ ಓಟ ನೇರವಾಗಿಯೇ ಮುಂದುವರಿಯುತ್ತದೆ. ಇಬ್ಬರು ಸೇಫ್ಟಿಗಳು ಎರಡು ಬದಿಗೆ ಸರಿದು ನಡುಭಾಗ ತೆರೆದಿದ್ದರೆ ಆ ತೆರವಿನೊಳಕ್ಕೆ ಬಾಗುತ್ತದೆ. ರಕ್ಷಕ ಹಿಂದೆ ಹಿಂದೆ ಸರಿಯುತ್ತ ಆಳಕ್ಕೆ ದಾರಿಯನ್ನೇ ಕೊಡದಿದ್ದರೆ ಅವನ ಮುಂದೆ ಅಡ್ಡಲಾಗಿ ತಿರುಗುತ್ತದೆ.

ಕಷ್ಟವಿರುವುದು ಇಲ್ಲಿಯೇ. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಸೇಫ್ಟಿಯನ್ನು ನೋಡಿ, ರಿಸೀವರ್ ತಿರುಗುವ ಮುನ್ನವೇ ಎಸೆಯಲು ಸಿದ್ಧನಾಗಿರಬೇಕು. ಮಾತನಾಡಿಕೊಳ್ಳಲು ಸಮಯವಿಲ್ಲ. ಒಬ್ಬನು ‘ತೆರೆದಿದೆ’ ಎಂದೂ ಇನ್ನೊಬ್ಬನು ‘ಮುಚ್ಚಿದೆ’ ಎಂದೂ ಓದಿಕೊಂಡರೆ ಯಾರೂ ಇಲ್ಲದ ಕಡೆಗೆ, ಇಲ್ಲವೇ ನೇರವಾಗಿ ಎದುರಾಳಿಯ ಕೈಗೆ ಚೆಂಡು ಹೋಗುತ್ತದೆ. ಆದ್ದರಿಂದ ತರಬೇತುದಾರ ಕಲಿಸಬೇಕಾದದ್ದು ಇಬ್ಬರೂ ಒಂದೇ ಪ್ರಶ್ನೆಗೆ ಒಂದೇ ಕ್ಷಣದಲ್ಲಿ ಒಂದೇ ಉತ್ತರ ಕೊಡುವುದನ್ನು.

ಕಲಿಸುವ ಹಂತಗಳು

ಇದನ್ನು ಪಾಠವಾಗಿ ಜೋಡಿಸುವಾಗ ನಾನು ಐದು ಹಂತಗಳನ್ನು ಸೂಚಿಸುತ್ತೇನೆ.

1. ಚೆಂಡಿಲ್ಲದೆ, ನಡೆಯುತ್ತ ದಾರಿಯ ಮೊದಲ ಭಾಗವನ್ನು ಕಲಿಸುವುದು. ಮೂರೂ ಉತ್ತರಗಳಿಗೆ ಆರಂಭ ಒಂದೇ ರೀತಿ ಕಾಣಬೇಕು; ಇಲ್ಲವಾದರೆ ರಕ್ಷಕ ಮೊದಲೇ ಊಹಿಸುತ್ತಾನೆ.

2. ಒಂದು ಪ್ರಶ್ನೆ, ಎರಡೇ ಉತ್ತರ. ತರಬೇತುದಾರ ತಾನೇ ಸೇಫ್ಟಿಯಾಗಿ ನಡುವೆ ನಿಲ್ಲುತ್ತಾನೆ, ಇಲ್ಲವೇ ಬದಿಗೆ ಸರಿಯುತ್ತಾನೆ. ರಿಸೀವರ್ ಅದನ್ನು ನೋಡಿ ನೇರ ಓಡುತ್ತಾನೆ ಅಥವಾ ಒಳಗೆ ಬಾಗುತ್ತಾನೆ.

3. ಕ್ವಾರ್ಟರ್‌ಬ್ಯಾಕ್ ಜೊತೆಗೂಡುತ್ತಾನೆ, ಚೆಂಡು ಇನ್ನೂ ಇಲ್ಲ. ಸೀಟಿ ಊದಿದಾಗ ಇಬ್ಬರೂ ಒಟ್ಟಿಗೆ ‘ತೆರೆದಿದೆ’ ಅಥವಾ ‘ಮುಚ್ಚಿದೆ’ ಎಂದು ಕೂಗಬೇಕು. ಉತ್ತರಗಳು ಎಲ್ಲಿ ಬೇರೆಯಾಗುತ್ತವೆ ಎಂಬುದು ಎಲ್ಲರ ಕಿವಿಗೂ ಬೀಳುತ್ತದೆ.

4. ಎರಡು ಉತ್ತರಗಳು ಗಟ್ಟಿಯಾದ ಮೇಲೆ ಚೆಂಡು ಬರುತ್ತದೆ, ಮೂರನೆಯ ಉತ್ತರವೂ ಸೇರುತ್ತದೆ.

5. ಉಳಿದ ರಿಸೀವರ್‌ಗಳು ಮತ್ತು ರಕ್ಷಕರೊಂದಿಗೆ ಪೂರ್ಣ ಪರಿಕಲ್ಪನೆ.

ಮೂರನೆಯ ಹಂತವನ್ನು ಬಿಟ್ಟು ನೇರವಾಗಿ ನಾಲ್ಕಕ್ಕೆ ಹಾರುವ ಆಸೆ ಬರುವುದು ಸಹಜ. ಆದರೆ ಚೆಂಡು ಬಂದ ಕೂಡಲೇ ಎಲ್ಲರ ಕಣ್ಣು ಅದರ ಹಿಂದೆ ಹೋಗುತ್ತದೆ, ಓದುವಿಕೆ ಮರೆಯಾಗುತ್ತದೆ.

ಯಾವುದನ್ನು ಅಳೆಯಬೇಕು?

ತಪ್ಪಾಗಿ ಓದಿದ ರಿಸೀವರ್ ಅದೃಷ್ಟದಿಂದ ಚೆಂಡು ಹಿಡಿಯಬಹುದು. ಸರಿಯಾಗಿ ಓದಿದವನ ಕೈಯಿಂದ ಚೆಂಡು ಜಾರಬಹುದು. ಫಲಿತಾಂಶಕ್ಕಷ್ಟೇ ಚಪ್ಪಾಳೆ ತಟ್ಟಿದರೆ ಮೊದಲನೆಯವನು ತಪ್ಪನ್ನೇ ರೂಢಿಸಿಕೊಳ್ಳುತ್ತಾನೆ, ಎರಡನೆಯವನು ಸರಿಯಾದದ್ದನ್ನು ಬಿಟ್ಟುಬಿಡುತ್ತಾನೆ. ಆದ್ದರಿಂದ ಓದುವಿಕೆಗೂ ಹಿಡಿತಕ್ಕೂ ಬೇರೆ ಬೇರೆ ಅಂಕಣಗಳಿರಬೇಕು. ಪ್ರತಿ ಯತ್ನದ ಬಳಿಕ ಕೇಳಬೇಕಾದ ಮೊದಲ ಪ್ರಶ್ನೆ ‘ಯಾಕೆ ಹಾಗೆ ಓಡಿದೆ?’ ಎಂದಲ್ಲ, ‘ನಿನಗೆ ಏನು ಕಂಡಿತು?’ ಎಂದು. ಮೊದಲನೆಯದಕ್ಕೆ ಕಲಿಯುವವನು ಸಮಜಾಯಿಷಿ ಹುಡುಕುತ್ತಾನೆ; ಎರಡನೆಯದಕ್ಕೆ ತನ್ನ ನೋಟವನ್ನು ವರದಿ ಮಾಡುತ್ತಾನೆ. ತಿದ್ದಬೇಕಾದದ್ದು ಕಣ್ಣನ್ನೋ ಕಾಲನ್ನೋ ಎಂಬುದು ಆಗ ನಮಗೆ ಗೊತ್ತಾಗುತ್ತದೆ.

ಮಿತಿಗಳು

ಈ ಪದ್ಧತಿ ಎಲ್ಲಕ್ಕೂ ಮದ್ದಲ್ಲ. ತಡೆಯುವವರು ಕಡಿಮೆ ಇರುವುದರಿಂದ ಎದುರಾಳಿಗಳು ಹೆಚ್ಚು ಜನರನ್ನು ನುಗ್ಗಿಸಿದಾಗ ಕ್ವಾರ್ಟರ್‌ಬ್ಯಾಕ್ ಅಪಾಯಕ್ಕೆ ಸಿಲುಕುತ್ತಾನೆ. ಕಲಿಯಲು ದೀರ್ಘ ಅಭ್ಯಾಸವೂ ಬೇಕು. ಎಲ್ಲ ದಾರಿಗಳಲ್ಲೂ ಆಯ್ಕೆ ಇಟ್ಟರೆ ಗೊಂದಲವೇ ಗತಿ. ‘ಗೋ’ದಲ್ಲಿ ಇಬ್ಬರ ದಾರಿ ಸ್ಥಿರವಾಗಿರುವುದರಿಂದಲೇ ಮೂರನೆಯವನ ಆಯ್ಕೆಗೆ ಅರ್ಥ ಬರುತ್ತದೆ.

ಪ್ರಶಿಕ್ಷಣಾರ್ಥಿಗಳು ಕಬಡ್ಡಿಯನ್ನೇ ಕಲಿಸಲಿ, ಗಣಿತದ ಸಮಸ್ಯೆಯನ್ನೇ ಬಿಡಿಸಲಿ, ಮುಂದಿನ ಪಾಠ ಯೋಜನೆಯಲ್ಲಿ ಒಂದೇ ಒಂದು ಕಡೆ ‘ಹೀಗಿದ್ದರೆ ಇದು, ಹಾಗಿದ್ದರೆ ಅದು’ ಎಂಬ ಕವಲನ್ನು ಬರೆಯಲಿ. ಉಳಿದ ಹಂತಗಳು ಸ್ಥಿರವಾಗಿರಲಿ. ಪಾಠ ವೀಕ್ಷಿಸುವ ನಾವು ಆ ಕವಲಿನ ಬಳಿ ಮಗು ಯಾವುದನ್ನು ನೋಡಿತು ಎಂಬುದನ್ನು ಮೊದಲು ಗುರುತಿಸಿ, ಉತ್ತರದ ಸರಿತಪ್ಪನ್ನು ಆಮೇಲೆ ಬರೆಯೋಣ.